ಚಿಮಣಿಗೆ ಕಟ್ಟಿದ ಕಂಬ

ಇಟ್ಟಿಗೆಯ ಚಿಮಣಿ ಸೂರಿನ ಮೇಲೆ ನೆಟ್ಟಗೆ ನಿಂತಿರುವುದು ಮುಖ್ಯವಾಗಿ ತನ್ನ ಭಾರದ ಬಲದಿಂದ. ಇಟ್ಟಿಗೆಗಳ ನಡುವೆ ಗಾರೆಯಿದೆ, ನಿಜ. ಆದರೆ ಗಾರೆಗೆ ಮೇಲಿನಿಂದ ಬರುವ ಒತ್ತಡವನ್ನು ಹೊರುವ ತಾಕತ್ತು ಎಷ್ಟಿದೆಯೋ, ಎಳೆತವನ್ನು ತಡೆಯುವ ತಾಕತ್ತು ಅಷ್ಟೇ ಕಡಿಮೆ. ನೂರು ವರ್ಷ ಮಳೆ, ಹಿಮ, ಹೊಗೆ ತಿಂದ ಸುಣ್ಣದ ಗಾರೆಯಲ್ಲಿ ಆ ಅಲ್ಪಸ್ವಲ್ಪವೂ ಉಳಿದಿರುವುದಿಲ್ಲ. ಕೆಳಗಿನ ಸಾಲುಗಳ ಮೇಲೆ ನೂರಾರು ಕೆ.ಜಿ. ಇಟ್ಟಿಗೆ ಕೂತು ಅವನ್ನು ಅದುಮಿ ಹಿಡಿದಿರುತ್ತದೆ. ತುದಿಯ ಸಾಲುಗಳ ಮೇಲೆ ಏನೂ ಇಲ್ಲ. ಚಿಮಣಿಯ ಅತಿ ದುರ್ಬಲ ಜಾಗ ಅದರ ತಲೆ. ರೇಡಿಯೊ ಹುಚ್ಚಿನ ನಮ್ಮಂಥವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಯಾಕೆ ಹೋಗುತ್ತದೆ ಎಂಬುದನ್ನು ಉತ್ತರ ಇಂಗ್ಲೆಂಡಿನ ಯಾವುದೇ ಹಳೆಯ ಬೀದಿ ಹೇಳುತ್ತದೆ. ನಾನು ಸಂಸಾರ ಹೂಡಿರುವ ಯಾರ್ಕ್‌ಶೈರಿನ ಈ ಊರಲ್ಲಿ ಮನೆಗಳೆಲ್ಲ ಗೋಡೆಗೆ ಗೋಡೆ ತಾಗಿಕೊಂಡಿವೆ. ಅಂಗಳವೆಂದರೆ ಅಂಗೈಯಗಲ, ಅದರಲ್ಲಿ ಆಂಟೆನಾದ ಕಂಬ ನೆಡಲು ಜಾಗವಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ್ದು ಚಿಮಣಿ. 1951ರ ಅಕ್ಟೋಬರ್ 12ರಂದು ಹತ್ತಿರದ ಹೋಮ್ ಮಾಸ್ ಬೆಟ್ಟದ ಮೇಲಿಂದ ಬಿಬಿಸಿ ಟೆಲಿವಿಷನ್ ಪ್ರಸಾರ ಶುರುವಾಯಿತು. ಅದರ ಅಲೆಯ ಉದ್ದ ಸುಮಾರು ಆರು ಮೀಟರ್, ಹಾಗಾಗಿ ಆಂಟೆನಾದ ಸರಳುಗಳು ಹೆಚ್ಚುಕಡಿಮೆ ಮೂರು ಮೀಟರ್ ಉದ್ದವಿರಬೇಕಾಗಿತ್ತು. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಆ ಭಾರಿ ಆಂಟೆನಾಗಳು ಸಾಲುಸಾಲಾಗಿ ಚಿಮಣಿಗಳನ್ನು ಏರಿದವು. 1953ರ ಜೂನ್ 2ರಂದು ರಾಣಿ ಎಲಿಜಬೆತ್‌ಳ ಪಟ್ಟಾಭಿಷೇಕವನ್ನು ಸುಮಾರು ಎರಡು ಕೋಟಿ ಜನ ಟಿವಿಯಲ್ಲಿ ನೋಡಿದರು. ಆ ದಿನಕ್ಕೆಂದು ಅವಸರದಲ್ಲಿ ಮಾಡು ಹತ್ತಿದವರ ಶ್ರಮವನ್ನು ನಾನು ಗೌರವದಿಂದ ನೆನೆಯುತ್ತೇನೆ. ಅವರು ಬಳಸಿದ ವಿಧಾನ ಇಂದಿಗೂ ಸರಿಯಾದದ್ದೇ: ಚಿಮಣಿಯ ಮೈಗೆ ತೂತು ಕೊರೆಯದೆ, ಸುತ್ತಲೂ ತಂತಿ ಬಳಸಿ ಬಿಗಿದು ಕಟ್ಟುವುದು.

ಕೊರೆಯಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟು ಕಾಂಕ್ರೀಟಿಗೆ ಒಳ್ಳೆಯದು. ಹಳೆಯ ಇಟ್ಟಿಗೆಯನ್ನು ಅದು ಒಳಗಿನಿಂದ ಸೀಳುತ್ತದೆ, ಸೀಳಿದಲ್ಲಿ ಮಳೆನೀರು ಇಳಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಮಿಕ್ಕ ಕೆಲಸ ಮುಗಿಸುತ್ತದೆ. ಸುತ್ತಿ ಕಟ್ಟಿದ ತಂತಿಯೋ ಉಕ್ಕಿನ ಪಟ್ಟಿಯೋ ಹಾಗಲ್ಲ. ಅದು ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ, ಅಂದರೆ ಚಿಮಣಿಗೆ ಬರುವ ಕೆಲಸವನ್ನೇ ಅದರಿಂದ ಮಾಡಿಸುತ್ತದೆ. ನಾಲ್ಕು ಮೂಲೆಗಳಿಗೂ ತಗಡಿನ ಮಡಿಕೆ ಕೊಡಬೇಕು. ಇಲ್ಲದಿದ್ದರೆ ತಂತಿ ಇಟ್ಟಿಗೆಯ ಅಂಚನ್ನು ಕಚ್ಚಿ ತಿಂದು ತಾನೇ ಸಡಿಲವಾಗುತ್ತದೆ. ಬಿಗಿಯುವುದಕ್ಕೂ ಒಂದು ಹದವಿದೆ. ಸ್ಪ್ಯಾನರು ಕೈಯಲ್ಲಿದೆಯೆಂದು ತಿರುಗಿಸುತ್ತಲೇ ಹೋದರೆ ಮೂಲೆಯ ಇಟ್ಟಿಗೆ ಪುಡಿಯಾದೀತು.

ಇನ್ನು ಗಾಳಿಯ ಲೆಕ್ಕ. ಇದನ್ನು ಕಾಗದದ ಮೇಲೆ ಬರೆದು ನೋಡದೆ ಯಾರೂ ಏಣಿಗೆ ಕಾಲಿಡಬಾರದು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 108 ಕಿ.ಮೀ. ಬೀಸುವ ಬಿರುಗಾಳಿ ಒಂದು ಚದರ ಮೀಟರಿಗೆ ಸುಮಾರು 56 ಕೆ.ಜಿ.ಯಷ್ಟು ಒತ್ತಡ ಹಾಕುತ್ತದೆ. ಕಂಬ, ಆಂಟೆನಾ ಎರಡೂ ಸೇರಿ ಗಾಳಿಗೆ ಒಡ್ಡುವ ಮೈ ಐದರಲ್ಲೊಂದು ಚದರ ಮೀಟರ್ ಎಂದುಕೊಳ್ಳೋಣ. ನೂಕು 11 ಕೆ.ಜಿ.ಗೆ ತುಸು ಹೆಚ್ಚು, ಲೆಕ್ಕಕ್ಕೆ 12 ಎಂದಿಟ್ಟುಕೊಳ್ಳೋಣ. ಇಷ್ಟೇನಾ ಅನ್ನಿಸುತ್ತದೆ. ಆದರೆ ಆ ನೂಕು ಬೀಳುವುದು, ಕಂಬವನ್ನು ಹಿಡಿದಿರುವ ಎರಡು ಪಟ್ಟಿಗಳಲ್ಲಿ ಮೇಲಿನದಕ್ಕಿಂತ ಒಂದೂವರೆ ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಂಬವೇ ಸನ್ನೆಗೋಲಾಗುತ್ತದೆ. ಎರಡು ಪಟ್ಟಿಗಳ ನಡುವೆ 30 ಸೆಂ.ಮೀ. ಮಾತ್ರ ಅಂತರವಿದ್ದರೆ ಮೇಲಿನ ಪಟ್ಟಿಯ ಮೇಲೆ 72 ಕೆ.ಜಿ.ಯ ಎಳೆತ. ಅಂತರವನ್ನು 60 ಸೆಂ.ಮೀ.ಗೆ ಏರಿಸಿದರೆ ಅದು 42ಕ್ಕೆ ಇಳಿಯುತ್ತದೆ. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ, ಕೆಳಗಿನ ಪಟ್ಟಿಯನ್ನು ಇನ್ನಷ್ಟು ಕೆಳಗೆ ಕಟ್ಟಿದರಾಯಿತು.

ಇದೇ ಲೆಕ್ಕವನ್ನು ಇಟ್ಟಿಗೆಯ ಕಡೆಯಿಂದಲೂ ಮಾಡಬೇಕು. ಒಂದೇ ಹೊಗೆದಾರಿಯ, 45 ಸೆಂ.ಮೀ. ಚೌಕದ ಚಿಮಣಿಯಲ್ಲಿ ತುದಿಯ ನಾಲ್ಕು ಸಾಲುಗಳ ಎತ್ತರ 30 ಸೆಂ.ಮೀ., ತೂಕ ಸುಮಾರು 85 ಕೆ.ಜಿ. ಗಾರೆ ಸತ್ತುಹೋಗಿದ್ದು ಎರಡೂ ಪಟ್ಟಿಗಳನ್ನು ಆ ನಾಲ್ಕು ಸಾಲುಗಳಲ್ಲೇ ಕಟ್ಟಿದ್ದರೆ, ಮೇಲೆ ಹೇಳಿದ ಗಾಳಿಯೇ ಆ ಇಡೀ ತಲೆಯನ್ನು ಮಗುಚಲು ಸಾಕು. ಪಟ್ಟಿ ತುಂಡಾಗಿರುವುದಿಲ್ಲ, ನಟ್ಟು ಸಡಿಲವಾಗಿರುವುದಿಲ್ಲ. ಕಂಬ, ಪಟ್ಟಿ, ಇಟ್ಟಿಗೆ ಎಲ್ಲವೂ ಒಟ್ಟಿಗೆ ಬೀದಿಗೆ ಬಂದಿರುತ್ತವೆ. ಅದಕ್ಕೇ ತುದಿಯಲ್ಲಿ ಹೊರಚಾಚಿದ ಸಾಲುಗಳನ್ನು ಬಿಟ್ಟು, ಸಾಕಷ್ಟು ಭಾರ ಮೇಲೆ ಕೂತಿರುವ ಜಾಗದಲ್ಲಿ ಪಟ್ಟಿ ಬಿಗಿಯಬೇಕು.

ಮಲೆನಾಡಿನಿಂದ ಅಮ್ಮ ಬಂದಿದ್ದಾಗ ಹಿತ್ತಲಲ್ಲಿ ನಿಂತು ಈ ಕೆಲಸ ನೋಡಿದಳು. ನಮ್ಮ ಊರಿನ ಅಡುಗೆಮನೆಯ ಹೊಗೆ ಅಟ್ಟಕ್ಕೇರಿ, ಹಂಚಿನ ಸಂದಿಯಲ್ಲಿ ತಾನೇ ದಾರಿ ಹುಡುಕಿಕೊಂಡು ಹೋಗುವಂಥದ್ದು. ಮನೆಯ ತಲೆಯ ಮೇಲೆ ಇಷ್ಟು ಇಟ್ಟಿಗೆ ಹೊತ್ತು ಬದುಕುವ ಜನರನ್ನು ಅವಳು ನೋಡಿರಲಿಲ್ಲ. "ಮಗಾ, ಗಾಳಿಗೆ ಇದು ಯಾವ ಕಡೆ ಬೀಳ್ತದೆ?" ಎಂದು ಕೇಳಿದಳು. ಮುಂಗಾರಿಗೆ ಮೊದಲು ಮನೆಯತ್ತ ವಾಲಿದ ಮರಗಳನ್ನು ಗುರುತಿಟ್ಟು ಕಡಿಸುವ ಮನೆತನದವಳ ಪ್ರಶ್ನೆ ಅದು. ಬೀಳುತ್ತದೆಯೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಕಂಬ ಕಟ್ಟುವ ಪ್ರತಿಯೊಬ್ಬರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಮನವರಿಕೆಯಾಗಿದೆ. ನಮ್ಮ ಚಿಮಣಿಯ ಒಂದು ಪಕ್ಕದಲ್ಲಿ ಮಕ್ಕಳು ಶಾಲೆಗೆ ನಡೆದುಹೋಗುವ ಕಾಲುದಾರಿಯಿದೆ.

ಚಿಮಣಿಗಳು ವಾಲುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಕಲ್ಲಿದ್ದಲ ಹೊಗೆಯಲ್ಲಿ ಗಂಧಕವಿರುತ್ತದೆ. ಅದು ತೇವದೊಡನೆ ಸೇರಿ ಗಾರೆಯೊಳಗೆ ಇಳಿದು, ಹಿಗ್ಗುವ ಲವಣವಾಗುತ್ತದೆ. ಮಳೆ ಹೆಚ್ಚು ಹೊಡೆಯುವ ಪಕ್ಕ ಹೆಚ್ಚು ತೇವ, ಹೆಚ್ಚು ಹಿಗ್ಗು. ಆ ಪಕ್ಕ ಉದ್ದವಾದಂತೆ ಚಿಮಣಿ ಇನ್ನೊಂದು ಪಕ್ಕಕ್ಕೆ ನಿಧಾನವಾಗಿ ಬಾಗುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು, 1956ರಲ್ಲಿ ಶುದ್ಧಗಾಳಿಯ ಕಾಯಿದೆ ಬಂತು, ಕಲ್ಲಿದ್ದಲ ಒಲೆಗಳು ಒಂದೊಂದಾಗಿ ಆರಿದವು. ಇಟ್ಟಿಗೆಯಲ್ಲಿ ಇಂಗಿದ ಗಂಧಕ ಮಾತ್ರ ಅಲ್ಲೇ ಉಳಿದಿದೆ. ಹಾಗಾಗಿ ಬೀದಿಯ ಎದುರು ಬದಿಯಲ್ಲಿ ನಿಂತು, ತೂಗುಗುಂಡಿನ ದಾರವನ್ನು ಕಣ್ಣ ಮುಂದೆ ಹಿಡಿದು, ಚಿಮಣಿಯ ಅಂಚು ಅದಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಮೊದಲ ಕೆಲಸ. ಎರಡನೆಯದು ಗಾರೆಯ ಪರೀಕ್ಷೆ. ಮೊಳೆಯಿಂದ ಗೀರಿದರೆ ಮರಳಾಗಿ ಉದುರುವ ಗಾರೆಯಿದ್ದರೆ ಆಂಟೆನಾದ ಮಾತು ಬಿಟ್ಟು ಗಾರೆ ಮೇಸ್ತ್ರಿಯನ್ನು ಕರೆಯಬೇಕು. ಅವನ ಕೂಲಿ ದುಬಾರಿ ಅನ್ನಿಸಿದರೆ ಕಂಬದ ಆಸೆಯನ್ನೇ ಬಿಡುವುದು ಒಳ್ಳೆಯದು.

ಎತ್ತರದ ಆಸೆಗೂ ಲೆಕ್ಕವೇ ಉತ್ತರ. ನೆಲದಿಂದ 9 ಮೀಟರ್ ಮೇಲಿರುವ ಆಂಟೆನಾದ ರೇಡಿಯೊ ದಿಗಂತ ಸುಮಾರು 12.4 ಕಿ.ಮೀ. ದೂರದಲ್ಲಿರುತ್ತದೆ. ಇನ್ನೂ ಎರಡು ಮೀಟರ್ ಏರಿಸಿದರೆ ಅದು 13.7 ಆಗುತ್ತದೆ. ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು, ಅಷ್ಟೇ. ಅದಕ್ಕಾಗಿ ಚಿಮಣಿಯ ಮೇಲಿನ ಸನ್ನೆಯ ಬಲವನ್ನು ಎರಡು ಪಟ್ಟೋ ಅದಕ್ಕೂ ಹೆಚ್ಚೋ ಮಾಡುವುದು ನನಗೆ ಒಪ್ಪಿಗೆಯಿಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಹ್ಯಾಮ್ ಹವ್ಯಾಸಿಗೆ ಒಂದು ಮೀಟರಿನ ಲಂಬ ಸರಳು, ಅದನ್ನು ಹೊರುವ ಗಿಡ್ಡ ಕಂಬ ಸಾಕು. ಹತ್ತಾರು ಕಡ್ಡಿಗಳ ದೊಡ್ಡ ಯಾಗಿ ಆಂಟೆನಾ ಬೇಕೆನ್ನುವವರು, ಅದನ್ನು ತಿರುಗಿಸುವ ಮೋಟರನ್ನೂ ಕೂರಿಸುವವರು, ಚಿಮಣಿಯನ್ನು ಅದರ ಪಾಡಿಗೆ ಬಿಟ್ಟು, ಪಕ್ಕದ ಗೋಡೆಗೆ ಬ್ರಾಕೆಟ್ಟು ಹಾಕಿ ನೆಲದಿಂದಲೇ ಕಂಬ ಎಬ್ಬಿಸಬೇಕು.

ದೊಡ್ಡವರೂ ಗಾಳಿಗೆ ಕಂಬ ಒಪ್ಪಿಸಿದ್ದಾರೆ. ಕಾರ್ನ್‌ವಾಲಿನ ಪೋಲ್ಡುವಿನಲ್ಲಿ ಮಾರ್ಕೋನಿ ವೃತ್ತಾಕಾರದಲ್ಲಿ ನಿಲ್ಲಿಸಿದ್ದ 20 ಕಂಬಗಳು, ಒಂದೊಂದೂ 200 ಅಡಿ ಎತ್ತರದವು, 1901ರ ಸೆಪ್ಟೆಂಬರಿನ ಬಿರುಗಾಳಿಗೆ ನೆಲಕಚ್ಚಿದವು. ಒಂದರ ಆಧಾರ ಇನ್ನೊಂದಕ್ಕೆ ಎಂಬಂತೆ ಅವನ್ನು ಕಟ್ಟಲಾಗಿತ್ತು. ಅದೇ ವರ್ಷದ ಡಿಸೆಂಬರ್ 12ರಂದು ಸಾಗರದಾಚೆಯ ಸೇಂಟ್ ಜಾನ್ಸ್‌ನಲ್ಲಿ ಮಾರ್ಕೋನಿ ಪೋಲ್ಡುವಿನ ಸಂಕೇತ ಹಿಡಿಯಲು ಯತ್ನಿಸಿದ್ದು ಗಾಳಿಪಟ ಎತ್ತಿ ಹಿಡಿದ ತಂತಿಯಿಂದ. 1987ರ ಅಕ್ಟೋಬರ್ 15ರ ರಾತ್ರಿ ಎದ್ದ ಚಂಡಮಾರುತ ದಕ್ಷಿಣ ಇಂಗ್ಲೆಂಡಿನಲ್ಲಿ ಒಂದೂವರೆ ಕೋಟಿ ಮರಗಳನ್ನು ಕೆಡವಿತು. ಎಷ್ಟೋ ಚಿಮಣಿಗಳು ಮಾಡನ್ನು ಮುರಿದುಕೊಂಡು, ಜನ ಮಲಗಿದ್ದ ಕೋಣೆಗಳಿಗೆ ಬಿದ್ದವು.

ಮಾಡು ಹತ್ತುವುದು ನುರಿತವರ ಕೆಲಸ. ತುದಿಯ ದಿಂಡಿಗೆ ಕೊಕ್ಕೆ ಹಾಕುವ ಮಾಡಿನ ಏಣಿ ಬೇಕು, ಸೊಂಟಕ್ಕೆ ಹಗ್ಗ ಬೇಕು, ಆ ಹಗ್ಗವನ್ನು ಚಿಮಣಿಗೆ ಕಟ್ಟಕೂಡದು. ಉರಿಯುತ್ತಿರುವ ಒಲೆಯ ಹೊಗೆದಾರಿಗೆ ಕಂಬವನ್ನಾಗಲಿ ಕೇಬಲನ್ನಾಗಲಿ ಅಡ್ಡ ತರಬಾರದು. ಹೊಗೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಮನೆಯೊಳಗೆ ತುಂಬುತ್ತದೆ. ಅಮೆರಿಕದ ವಿದ್ಯುತ್ ನಿಯಮಗಳು ಕಂಬವನ್ನು ಭೂಮಿಗೆ ಜೋಡಿಸುವ ತಾಮ್ರದ ತಂತಿ 10 ಗೇಜಿಗಿಂತ, ಅಂದರೆ ಸುಮಾರು 2.6 ಮಿ.ಮೀ. ದಪ್ಪಕ್ಕಿಂತ, ತೆಳುವಾಗಿರಬಾರದು ಎನ್ನುತ್ತವೆ. ನೇರ ಸಿಡಿಲಿಗೆ ಅದು ರಕ್ಷೆಯಲ್ಲ, ಕಂಬದಲ್ಲಿ ಕೂಡುವ ವಿದ್ಯುತ್ತನ್ನು ಇಳಿಸುವುದಕ್ಕೆ ಅದು ಬೇಕೇ ಬೇಕು.

ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸತುವಿನ ಲೇಪದ ತಂತಿ ಹೊಗೆಯ ಆಮ್ಲಕ್ಕೆ ತುಕ್ಕು ಹಿಡಿಯುತ್ತದೆ, ಅದೂ ಚಿಮಣಿಯ ಹಿಂಬದಿಯಲ್ಲಿ, ಕೆಳಗಿನಿಂದ ಕಾಣದ ಕಡೆ. ಶರತ್ಕಾಲದ ಗಾಳಿ ಏಳುವ ಮೊದಲು ದುರ್ಬೀನು ಹಿಡಿದು ನಾಲ್ಕೂ ಪಕ್ಕ ನೋಡಬೇಕು, ಕಾಣದ ಪಕ್ಕಕ್ಕೆ ನೆರೆಯವರ ಅಟ್ಟದ ಕಿಟಕಿಯನ್ನು ಕೇಳಬೇಕು. ತಂತಿ ಬದಲಿಸುವ ಹೊತ್ತು ಬಂದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಪಟ್ಟಿ ತರಿಸಿ, ಮೊದಲು ಆಂಟೆನಾ ಇಳಿಸಿ, ಆಮೇಲೆ ಒಂದೊಂದಾಗಿ ಬಿಚ್ಚಿ ಕಟ್ಟಬೇಕು.