ಯಾರ ಬಲ್ಲಿ ಬ್ಯಾಟರಿ ಅದ?

ಸುರಪುರದ ಒಂದು ಮನೆಯ ಪಡಸಾಲೆಯಲ್ಲಿ ಅಜ್ಜನೊಬ್ಬರ ಫೋಟೋ ಇದೆ. ರುಮಾಲು ಸುತ್ತಿಕೊಂಡು ಮೊಮ್ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುತ್ತಿದ್ದಾರೆ. ಕಣ್ಣು ಅರ್ಧ ಮುಚ್ಚಿವೆ, ಕೈ ಮಸುಕಾಗಿದೆ, ಹತ್ತಿರ ಹೋದರೆ ಮುಖವೆಲ್ಲ ಚೌಕ ಚೌಕ. ವಿಡಿಯೋದ ಒಂದು ಫ್ರೇಮನ್ನು ಕತ್ತರಿಸಿ ದೊಡ್ಡದು ಮಾಡಿದರೆ ಹೀಗೇ ಆಗುತ್ತದೆ. ಆ ಮದುವೆಗೆ ಫೋಟೋ ತೆಗೆಯಲು ಹೋಗಿದ್ದವನು ನಾನು. ಅಜ್ಜ ಅಕ್ಕಿಕಾಳು ಹಾಕುವಾಗ ನನ್ನ ಕ್ಯಾಮೆರಾ ಕೈಯಲ್ಲೇ ಸತ್ತಿತ್ತು.

ನಮ್ಮ ಕಾಕಾನದು ಶಹಾಪುರದಲ್ಲಿ ಸ್ಟುಡಿಯೋ. ರಜೆಯಲ್ಲೆಲ್ಲ ನಾನು ಅಲ್ಲೇ ಬೆಳೆದವನು. ಮೊದಲು ಅವನ ಬಳಿ ಎರಡು ಕಣ್ಣಿನ ಯಾಶಿಕಾ ಇತ್ತು, ಆಮೇಲೆ ನಿಕಾನ್ ಎಫ್‌ಎಂ10 ಬಂತು, ಆಮೇಲೆ ಡಿ90. ಎಫ್‌ಎಂ10ಗೆಂದು ಕೊಂಡಿದ್ದ 50 ಎಂಎಂ ಲೆನ್ಸನ್ನೇ ಡಿ90ಗೂ ಹಾಕಿಕೊಂಡ. ರೋಲಿನ ಕಾಲದ ಲೆನ್ಸು ಕಾರ್ಡಿನ ಕಾಲದ ಕ್ಯಾಮೆರಾಕ್ಕೆ ಟಕ್ ಎಂದು ಕೂತಿದ್ದು ನನಗೆ ಆಗ ವಿಶೇಷ ಅನ್ನಿಸಲೇ ಇಲ್ಲ. ನಲ್ಲಿಗೆ ಪೈಪು ಕೂರುವುದಿಲ್ಲವೇ, ಹಾಗೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು ದಶಕಗಟ್ಟಲೆ ಬದಲಿಸದೆ ಇಟ್ಟುಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ಎಲ್ಲರೂ ಹಾಗೆ ಇಟ್ಟುಕೊಳ್ಳಲಿಲ್ಲ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಾಗ ಅದರ ಹಿಂದಿನ ಎಫ್‌ಡಿ ಲೆನ್ಸುಗಳು ಹೊಸ ಕ್ಯಾಮೆರಾಗಳಿಗೆ ಕೂರದೆ ಹೋದವು.

ಕಾಕಾನನ್ನು ದೊಡ್ಡ ಜ್ಞಾನಿ ಮಾಡಲು ಹೊರಟಿಲ್ಲ. ಡಿಜಿಟಲ್ಲಿಗೆ ಅವನು ಬಂದಿದ್ದೇ ತಡವಾಗಿ. ಊರಿನವರೆಲ್ಲ ಕಾರ್ಡು ಹಾಕುತ್ತಿದ್ದಾಗ ಇವನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ರೋಲು ಇಟ್ಟುಕೊಂಡು ಎರಡು ಸೀಜನ್ ಮದುವೆ ಕಳೆದುಕೊಂಡ. ಕಾಕು ಈಗಲೂ ಆ ಮಾತೆತ್ತುತ್ತಾಳೆ.

ಅದನ್ನು ಕಣ್ಣಾರೆ ಕಂಡಿದ್ದರಿಂದಲೇ ನನಗೆ ಹೊಸದರ ಹುಚ್ಚು ಹಿಡಿಯಿತು ಅನ್ನಿಸುತ್ತದೆ. ಕಾಲಕ್ಕಿಂತ ಹಿಂದೆ ಬೀಳಬಾರದು ಎಂದು ಪಣ ತೊಟ್ಟಿದ್ದೆ. ಕನ್ನಡಿ ಇಲ್ಲದ ಕ್ಯಾಮೆರಾ, ಮಿರರ್‌ಲೆಸ್, ಆಗಿನ್ನೂ ನಮ್ಮ ಕಡೆ ಹೆಸರು ಕೇಳಿದವರೂ ಕಡಿಮೆ. ಹಳೆಯ ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಬೆಳಕು ಒಂದು ಪುಟ್ಟ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ ನಮ್ಮ ಕಣ್ಣಿಗೆ ಕಾಣುತ್ತದೆ. ಬಟನ್ ಒತ್ತಿದಾಗ ಕನ್ನಡಿ ಎದ್ದು ಬೆಳಕಿಗೆ ದಾರಿ ಬಿಡುತ್ತದೆ. ಆ ಖಟ್ ಸದ್ದು ಅದರದೇ. ಕನ್ನಡಿಯನ್ನೇ ತೆಗೆದುಹಾಕಿದರೆ ಕ್ಯಾಮೆರಾ ಅಂಗೈಯಷ್ಟಾಗುತ್ತದೆ. ಗುಡಿಯೊಳಗೆ ಸದ್ದಿಲ್ಲದೆ ತೆಗೆಯಬಹುದು. ಫೋಟೋ ಹೇಗೆ ಬರುತ್ತದೆ ಎಂಬುದು ಬಟನ್ ಒತ್ತುವ ಮೊದಲೇ ಕಾಣುತ್ತದೆ. ಇವೆಲ್ಲ ನಿಜವಾದ ಗುಣಗಳೇ. ನಾನು ಸುಳ್ಳಿಗೆ ಮರುಳಾಗಲಿಲ್ಲ.

ಅಪ್ಪ ಆ ವರ್ಷ ಹತ್ತಿ ಮಾರಿದ ರೊಕ್ಕದಲ್ಲಿ 40,000 ಕೊಟ್ಟರು. ಕಂಪನಿಯ ಹೆಸರು ಇಲ್ಲಿ ಬೇಡ. ಹೊಸ ಕ್ಯಾಮೆರಾ, ಹೊಸ ಮೌಂಟ್, ಜೊತೆಗೆ ಒಂದೇ ಒಂದು ಲೆನ್ಸು. ಕಾಕಾನ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ, ಕಣ್ಣಿಗಿಟ್ಟುಕೊಂಡ, ತಲೆದೂಗಿದ.

"ಕ್ಯಾಮೆರಾ ಛಲೋ ಅದ ತಮ್ಮಾ. ಆದ್ರ ಊರಾಗ ನಿಂದೊಬ್ಬಂದೇ ಅದ ಅಲಾ?"

ಹೊಗಳಿದ ಅಂದುಕೊಂಡೆ.

ಬೆಳಗಾಗೆದ್ದು ಬುದ್ಧ ಮಲಗಿದ ಬೆಟ್ಟಕ್ಕೆ ಹೋದೆ. ಶಹಾಪುರದವರು ಹೊಸ ಕ್ಯಾಮೆರಾ ತಂದರೆ ಮೊದಲು ತೆಗೆಯುವುದು ಅದನ್ನೇ. ಸಾಲಾಗಿ ನಿಂತ ಗುಡ್ಡಗಳು ಒಂದು ಕಡೆಯಿಂದ ನೋಡಿದಾಗ ಮಾತ್ರ ಹಣೆ, ಮೂಗು, ಎದೆಯಾಗಿ ಮಲಗುತ್ತವೆ. ನಾಲ್ಕು ಹೆಜ್ಜೆ ತಪ್ಪಿದರೆ ಬರೀ ಕಲ್ಲು. ಫೋಟೋ ಚೆನ್ನಾಗಿಯೇ ಬಂತು. ಈಗಲೂ ನನ್ನ ಬಳಿ ಇದೆ.

ತೊಂದರೆ ಶುರುವಾಗಿದ್ದು ಬೋನಾಳದಲ್ಲಿ. ಸುರಪುರದ ಹತ್ತಿರದ ಆ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ನನ್ನ ಲೆನ್ಸಿಗೆ ಅವು ನೀರಿನ ಮೇಲೆ ಚೆಲ್ಲಿದ ಸಾಸಿವೆ ಕಾಳು. ಉದ್ದನೆಯ ಲೆನ್ಸು ಬೇಕಿತ್ತು. ಕಂಪನಿಯ ಬಳಿ ಅದು ಇರಲಿಲ್ಲ; ಮುಂದೆ ತರುತ್ತೇವೆ ಎಂಬ ಪಟ್ಟಿ ಇತ್ತು. ಆ ಪಟ್ಟಿಗೆ ರೋಡ್‌ಮ್ಯಾಪ್ ಅನ್ನುತ್ತಾರೆ. ಚುನಾವಣೆಯ ಪ್ರಣಾಳಿಕೆ ಓದಿದ ಹಾಗೇ ನಾನೂ ನಂಬಿಕೆಯಿಂದ ಓದಿದೆ. ಪಕ್ಕದಲ್ಲಿ ಕೂತವರ ಬಳಿ ಉದ್ದನೆಯ ಲೆನ್ಸುಗಳಿದ್ದವು. ಅವರವರೊಳಗೆ ಬದಲಾಯಿಸಿಕೊಂಡು ಹಕ್ಕಿ ತೆಗೆಯುತ್ತಿದ್ದರು. ನನ್ನ ಕ್ಯಾಮೆರಾ ನೋಡಿ, "ಇದಕ ನಮ್ಮದು ಕೂಡಂಗಿಲ್ರೀ" ಎಂದು ಒಬ್ಬರು ಪಾಪ ಎನ್ನುವ ಹಾಗೆ ಹೇಳಿ ಚಹಾ ಕೊಟ್ಟರು.

ಆಮೇಲೆ ಮೈಲಾಪುರ. ಸಂಕ್ರಾಂತಿಗೆ ಯಾದಗಿರಿ ಸೀಮೆಯೆಲ್ಲ ಮೈಲಾರಲಿಂಗನ ಜಾತ್ರೆಗೆ ಹೋಗುತ್ತದೆ. ಭಂಡಾರ ಎರಚುವ ಭರಕ್ಕೆ ಗುಡ್ಡ, ಗಾಳಿ, ಮಂದಿ ಎಲ್ಲ ಅರಿಸಿನ. ಅಂಥ ಅರಿಸಿನದ ಗಾಳಿಯಲ್ಲಿ ನಾನು ಲೆನ್ಸು ಬಿಚ್ಚಿದೆ. ಕನ್ನಡಿ ಇರುವ ಕ್ಯಾಮೆರಾದಲ್ಲಿ ಲೆನ್ಸು ಬಿಚ್ಚಿದರೂ ಸೆನ್ಸರಿನ ಮುಂದೆ ಕನ್ನಡಿ ಮತ್ತು ಮುಚ್ಚಿದ ಶಟರ್ ಎರಡೂ ಕಾವಲಿಗಿರುತ್ತವೆ. ನನ್ನದರಲ್ಲಿ ಸೆನ್ಸರು ಬಾಗಿಲಿಲ್ಲದ ಮನೆಯಂತೆ ಬಾ ಅನ್ನುತ್ತಿತ್ತು. ಆಮೇಲೆ ಬಂದ ಕೆಲವು ಮಿರರ್‌ಲೆಸ್‌ಗಳು, ಕ್ಯಾನನ್ ಇಒಎಸ್ ಆರ್‌ನಂಥವು, ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ನನ್ನದಕ್ಕೆ ಆ ಬುದ್ಧಿ ಇರಲಿಲ್ಲ. ಒಂದು ತಿಂಗಳು ನಾನು ತೆಗೆದ ಆಕಾಶದಲ್ಲೆಲ್ಲ ಚುಕ್ಕೆ. ಮೈಲಾರಲಿಂಗ ಪ್ರಸಾದ ಕೊಟ್ಟಾನ ಅಂದ ಕಾಕಾ.

ಇವೆಲ್ಲ ನಗುವ ಮಾತು. ಸುರಪುರದ ಮದುವೆ ಹಾಗಲ್ಲ.

ಕಾಕಾನಿಗೆ ಅವತ್ತು ಒಂದೇ ದಿನ ಎರಡು ಮದುವೆ. ಸುರಪುರದ್ದು ನನ್ನ ಪಾಲಿಗೆ ಬಂತು, ಜೊತೆಗೆ ವಿಡಿಯೋದವನೊಬ್ಬ. ಕಾಕಾ ಡಿ90 ಒಯ್ಯು ಅಂದಿದ್ದ. ನಾನು ಒಲ್ಲೆ ಅಂದೆ. ಬೇಸಿಗೆ, ಕಲ್ಯಾಣ ಮಂಟಪದಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಮಿರರ್‌ಲೆಸ್ಸಿನಲ್ಲಿ ಸೆನ್ಸರು ಮತ್ತು ಪರದೆ ಸದಾ ಉರಿಯುತ್ತಲೇ ಇರಬೇಕು. ನೀವು ಸುಮ್ಮನೆ ನೋಡುತ್ತಿದ್ದರೂ ಬ್ಯಾಟರಿ ಕರಗುತ್ತದೆ. ಡಿ90ರ ಒಂದು ಬ್ಯಾಟರಿಗೆ 850 ಫೋಟೋ ಎಂದು ಕಂಪನಿಯ ಲೆಕ್ಕ. ನನ್ನದಕ್ಕೆ 300ರ ಆಸುಪಾಸು. ಎರಡು ಬ್ಯಾಟರಿ ಇಟ್ಟುಕೊಂಡಿದ್ದೆ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಅಗ್ಗದ್ದು, ಅವತ್ತಿನ ಬಿಸಿಲಿಗೆ ಉಬ್ಬಿಕೊಂಡು ಕ್ಯಾಮೆರಾದೊಳಗೆ ಹೋಗಲೇ ಇಲ್ಲ. ಅಕ್ಷತೆಯ ಹೊತ್ತಿಗೆ ಮೊದಲನೆಯದು ಕೆಂಪು ತೋರಿಸಿ ಆರಿತು.

ಮಂಟಪದಲ್ಲಿ ಇನ್ನೂ ಇಬ್ಬರು ಫೋಟೋಗ್ರಾಫರುಗಳಿದ್ದರು, ಗಂಡಿನ ಕಡೆಯವರು. ಒಬ್ಬನದು ಡಿ90, ಇನ್ನೊಬ್ಬನದು ಡಿ700. ಬೆಲೆಯಲ್ಲಿ ಅಜಗಜಾಂತರ, ಆದರೆ ಎರಡಕ್ಕೂ ಒಂದೇ ಬ್ಯಾಟರಿ. ಡಿ80, ಡಿ200, ಡಿ300ಗೂ ಅದೇ. ನಾನು ಓಡಿ ಹೋಗಿ ಕೇಳಿದಾಗ ಡಿ90ಯವನು ಒಂದು ಮಾತೂ ಆಡದೆ ಚೀಲದಿಂದ ಬ್ಯಾಟರಿ ತೆಗೆದು ಕೊಟ್ಟುಬಿಟ್ಟ. ಯಾರು ನೀನು, ಯಾವೂರು, ಒಂದೂ ಕೇಳಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ನನ್ನದಕ್ಕಿಂತ ಎರಡು ಪಟ್ಟು ದಪ್ಪ. ವಾಪಸ್ಸು ಕೊಟ್ಟೆ. "ಯಾಕ್ರೀ?" ಅಂದ. ಏನು ಹೇಳುವುದು.

ಅಷ್ಟರಲ್ಲಿ ಅಜ್ಜನನ್ನು ಇಬ್ಬರು ಹಿಡಿದುಕೊಂಡು ವೇದಿಕೆಗೆ ತಂದಿದ್ದರು. ಮುಂದಿನ ಶ್ರಾವಣಕ್ಕೆ ಅವರಿರಲಿಲ್ಲ. ಮೊಮ್ಮಗಳು ನನಗೆ ಎರಡು ಸಲ ಫೋನು ಮಾಡಿದಳು. "ಅಣ್ಣಾ, ಅಜ್ಜ ಅಕ್ಕಿಕಾಳು ಹಾಕಿದ್ದು ಒಂದಾದ್ರೂ ಬಂದಿರಬೇಕಲ್ಲ, ನೋಡ್ರೀ." ನೋಡುತ್ತೇನೆ ಅಂದೆ. ನೋಡಲು ಏನೂ ಇರಲಿಲ್ಲ. ವಿಡಿಯೋದವನ ಕೈಕಾಲು ಹಿಡಿದು ಆ ಫ್ರೇಮು ತೆಗೆಸಿ, ಕಟ್ಟು ಹಾಕಿಸಿ, ನಾನೇ ಒಯ್ದು ಕೊಟ್ಟೆ. ಅವರು ದುಡ್ಡು ಕೊಡಲು ಬಂದರು.

ಕಾಕಾ ಅಂದಿದ್ದ ಮಾತು ಹೊಗಳಿಕೆ ಅಲ್ಲವೆಂದು ಅವತ್ತು ಗೊತ್ತಾಯಿತು. ನಾವು ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಎಣಿಸುತ್ತೇವೆ. ಜೊತೆಗೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಬೆಂಗಳೂರಿನಲ್ಲಿ ಬ್ಯಾಟರಿ ಸತ್ತರೆ ಅಂಗಡಿ ಇದೆ. ನಮ್ಮ ಕಡೆ ಅಂಗಡಿಯೆಂದರೆ ಹೈದರಾಬಾದಿನ ಕೋಠಿ, ಬಸ್ಸು ಹತ್ತಬೇಕು. ಉಳಿದದ್ದೆಲ್ಲ ಕೈಗಡ. ಲೆನ್ಸು ಒಬ್ಬನದು, ಫ್ಲ್ಯಾಶು ಇನ್ನೊಬ್ಬನದು, ಚಾರ್ಜರು ಮತ್ತೊಬ್ಬನದು. ಶಹಾಪುರದಿಂದ ಸುರಪುರದವರೆಗೆ ಎಲ್ಲರ ಚೀಲವೂ ಅರ್ಧ ಎಲ್ಲರದು. ಆ ಬಳಗದಲ್ಲಿ ನಾನು ಬೇರೆ ಮೌಂಟಿನವನು.

ಎರಡು ವರ್ಷ ಕಳೆಯುವಷ್ಟರಲ್ಲಿ ಕಂಪನಿಯ ರೋಡ್‌ಮ್ಯಾಪ್ ಸದ್ದಿಲ್ಲದೆ ಮಾಯವಾಯಿತು. ಉದ್ದನೆಯ ಲೆನ್ಸು ಬರಲಿಲ್ಲ. ರಿಪೇರಿಗೆ ಕಳಿಸಿದರೆ ಸಾಮಾನು ಸಿಗುತ್ತಿಲ್ಲ ಎಂಬ ಉತ್ತರ. ಮಾರಲು ಹೋದರೆ ಕೊಳ್ಳುವವರಿಲ್ಲ. ಇಡೀ ಜಿಲ್ಲೆಯಲ್ಲಿ ಅದಕ್ಕೆ ಕೂರುವ ಇನ್ನೊಂದು ಕ್ಯಾಮೆರಾ ಇಲ್ಲದ ಮೇಲೆ ಆ ಲೆನ್ಸು ಬರೀ ಗಾಜು.

ಇದು ಒಂದು ಕಂಪನಿಯ ಕತೆ ಅಲ್ಲವೆಂದು ಆಮೇಲೆ ಓದಿಕೊಂಡೆ. ಮೊದಲ ಮಿರರ್‌ಲೆಸ್ ಪ್ಯಾನಾಸಾನಿಕ್ ಜಿ1 ಬಂದಿದ್ದು 2008ರಲ್ಲಿ. ಅಲ್ಲಿಂದ ಹತ್ತು ವರ್ಷ ಎಲ್ಲರೂ ಕತ್ತಲಲ್ಲಿ ಕೈಯಾಡಿಸಿದರು. ಸ್ಯಾಮ್‌ಸಂಗ್ 2010ರಲ್ಲಿ ಎನ್‌ಎಕ್ಸ್ ಶುರು ಮಾಡಿ ಕೆಲವೇ ವರ್ಷಗಳಲ್ಲಿ ಕ್ಯಾಮೆರಾದ ಕೆಲಸವನ್ನೇ ಬಿಟ್ಟಿತು. ನಿಕಾನ್ 1 ಎಂಬುದು 2011ರಲ್ಲಿ ಹುಟ್ಟಿ 2018ರಲ್ಲಿ ನಿಂತಿತು. ಕ್ಯಾನನ್ನಿನ ಇಎಫ್-ಎಂ 2012ರಿಂದ 2023ರವರೆಗೆ ಬದುಕಿತು. ಅದರ ಕತೆಯಂತೂ ಕೇಳಬೇಕು. 2018ರಲ್ಲಿ ಅದೇ ಕ್ಯಾನನ್ ಆರ್‌ಎಫ್ ಎಂಬ ಇನ್ನೊಂದು ಮಿರರ್‌ಲೆಸ್ ಮೌಂಟ್ ತಂದಿತು. ಮೌಂಟಿನಿಂದ ಸೆನ್ಸರಿನವರೆಗಿನ ದೂರ ಇಎಫ್-ಎಂನಲ್ಲಿ 18 ಮಿಲಿಮೀಟರ್, ಆರ್‌ಎಫ್‌ನಲ್ಲಿ 20. ಎರಡು ಮಿಲಿಮೀಟರಿನ ವ್ಯತ್ಯಾಸ. ನಡುವೆ ಒಂದು ಉಂಗುರ ಇಟ್ಟು ಹೊಂದಿಸಲು ಜಾಗವೇ ಇಲ್ಲ. ಒಂದೇ ತಾಯಿಯ ಎರಡು ಮಕ್ಕಳು, ಒಬ್ಬರದು ಒಬ್ಬರಿಗೆ ಆಗುವುದಿಲ್ಲ. ಆದರೆ ಅಜ್ಜನ ಕಾಲದ ಇಎಫ್ ಲೆನ್ಸುಗಳು, 44 ಮಿಲಿಮೀಟರಿನವು, ಉಂಗುರ ಹಾಕಿದರೆ ಇಬ್ಬರಿಗೂ ಆಗುತ್ತವೆ.

ಹಾಗಂತ ಹೊಸದನ್ನು ಕೊಂಡವರೆಲ್ಲ ಕೆಟ್ಟರು ಅನ್ನುವಂತಿಲ್ಲ. ಸೋನಿಯ ಇ ಮೌಂಟ್ ಕೂಡ 2010ರಲ್ಲೇ ಬಂದಿದ್ದು. ಅವತ್ತು ಅದನ್ನು ಕೊಂಡವನಿಗೂ ನನಗೂ ಬುದ್ಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಅದು ಬೆಳೆಯಿತು, ಅಷ್ಟೇ. ಅದೇ ಸೋನಿ, ಮಿನೋಲ್ಟಾದಿಂದ ಬಂದಿದ್ದ ಹಳೆಯ ಎ ಮೌಂಟನ್ನು 2021ರಲ್ಲಿ ನಿಲ್ಲಿಸಿತು. ಗೆದ್ದ ಮೇಲೂ ಕಂಪನಿ ಬಾಗಿಲು ಹಾಕಿಕೊಳ್ಳಬಹುದು: ಆರ್‌ಎಫ್‌ಗೆ ಸಿಗ್ಮಾ, ಟ್ಯಾಮ್ರಾನ್‌ಗಳ ಆಟೋಫೋಕಸ್ ಲೆನ್ಸು ಬರಲು 2024 ಆಗಬೇಕಾಯಿತು. ಅಗ್ಗದ ಲೆನ್ಸು ಇಲ್ಲದ ಮೌಂಟು ನಮ್ಮಂಥ ಊರಿಗೆ ಸಾಲವೇ ಸರಿ.

ಈಗ ಒಂಟಿಯಾಗಿರುವವನು ಕಾಕಾ. ಡಿಎಸ್‌ಎಲ್‌ಆರ್‌ಗಳ ಕಾಲ ಮುಗಿಯುತ್ತ ಬಂದಿದೆ, ಅವನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಮಿರರ್‌ಲೆಸ್ಸಿಗೆ ಹೋದರು. ಹೋಗುವಾಗ ಹಳೆಯ ಬ್ಯಾಟರಿಗಳನ್ನು ಇವನಿಗೆ ಕೊಟ್ಟು ಹೋದರು. ಡ್ರಾಯರಿನಲ್ಲಿ ಒಂಬತ್ತೋ ಹತ್ತೋ ಇವೆ, ಚಾರ್ಜು ನಿಲ್ಲುವುದು ಮೂರರಲ್ಲಿ. ಒಮ್ಮೆ ಯಾದಗಿರಿಯಲ್ಲಿ ಪರಿಚಯದವರೊಬ್ಬರ ನಿಕಾನ್ ಝಡ್‌ಗೆ ಎಫ್‌ಟಿಝಡ್ ಎಂಬ ಉಂಗುರ ಹಾಕಿ ಕಾಕಾನ ಆ 50 ಎಂಎಂ ಸಿಕ್ಕಿಸಿ ನೋಡಿದೆವು. ಕೂತಿತು. ಆದರೆ ಫೋಕಸ್ ತಾನಾಗಿ ಆಗುತ್ತಿಲ್ಲ. ಆ ಕಾಲದ ಲೆನ್ಸಿನೊಳಗೆ ಮೋಟರ್ ಇಲ್ಲ, ತಿರುಗಿಸುವ ಮೋಟರ್ ಹಳೆಯ ಕ್ಯಾಮೆರಾದೊಳಗಿತ್ತು, ಉಂಗುರದಲ್ಲೂ ಇಲ್ಲ. ಕಾಕಾ ಕೈಯಿಂದಲೇ ತಿರುಗಿಸಿ ಎದುರಿಗಿದ್ದ ಚಹಾದವನದೊಂದು ತೆಗೆದ. ಎಫ್‌ಎಂ10ರ ಬೆರಳು ಇನ್ನೂ ಮರೆತಿರಲಿಲ್ಲ. ಹೊಳೆಯುವ ಹಾಗೆ ಬಂತು. "ಮದುವ್ಯಾಗ ಹಿಂಗ ತಿರುವುಕೋತ ಕುಂತ್ರ ಮದುಮಗಳಿಗೆ ಮಕ್ಕಳಾಗ್ತಾವ" ಅಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

ಸ್ಟುಡಿಯೋ ಈಗ ಕಾಕಾನ ಮಗನದು. ಹೋದ ತಿಂಗಳು ಅವನ ಫೋನು. ಹೊಸ ಮಿರರ್‌ಲೆಸ್ ತೆಗೆದುಕೊಳ್ಳಬೇಕು, ಎರಡು ಕಂಪನಿ ಆರಿಸಿಟ್ಟಿದ್ದಾನೆ, ಯಾವುದು ಹೇಳಣ್ಣಾ ಅಂದ. ಕಣ್ಣನ್ನು ಹುಡುಕಿಕೊಂಡು ಹೋಗಿ ಫೋಕಸ್ ಮಾಡುತ್ತದೆ, ಕತ್ತಲಲ್ಲೂ ಕಾಣುತ್ತದೆ ಎಂದು ಅರ್ಧ ಗಂಟೆ ವರ್ಣಿಸಿದ. ನಾನು ಸೆನ್ಸರಿನ ವಿಷಯ ಕೇಳುತ್ತೇನೆ ಅಂದುಕೊಂಡಿದ್ದಿರಬೇಕು.

"ಅದರ ಬ್ಯಾಟರಿ ಯಾರ ಬಲ್ಲಿ ಅದ?"

"ಅಂದ್ರ?"

"ಶಹಾಪುರದಾಗ ಯಾರ ಬಲ್ಲಿ ಅದ, ಸುರಪುರದಾಗ ಯಾರ ಬಲ್ಲಿ ಅದ, ಕೇಳಿ ಹೇಳು."

ನಕ್ಕ. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ವಾಟ್ಸಾಪಿನಲ್ಲಿ ಒಂದು ಪಟ್ಟಿ ಬಂತು. ಮೊದಲನೇ ಕಂಪನಿ: ಶಹಾಪುರದಾಗ ನಾಕು ಮಂದಿ, ಯಾದಗಿರ್ಯಾಗ ಆರು, ಸುರಪುರದಾಗ ಒಬ್ಬಾತ, ಆತಂದೂ ಕಂತಿನ ಮ್ಯಾಲೆ ಅದ. ಎರಡನೇ ಕಂಪನಿ: ಯಾದಗಿರ್ಯಾಗ ಇಬ್ಬರು. ಆದ್ರ ಎರಡನೇದು ಭಾಳ ಛಲೋ ಅದ ಅಣ್ಣಾ, ಏನ್ ಮಾಡ್ಲಿ?

ಇನ್ನೂ ಉತ್ತರ ಬರೆದಿಲ್ಲ.