ನಾನು ಬರೆದುಕೊಟ್ಟ ಅರ್ಜಿ

ಮಲೆನಾಡಿನ ಹಳ್ಳಿಗಳಲ್ಲಿ ಕೋವಿಯ ವಿಷಯಕ್ಕೆ ಮಾಜಿ ಸೈನಿಕ ಹೇಳಿದ್ದೇ ಕಾನೂನು. ಹೊಸನಗರ ತಾಲ್ಲೂಕಿನ ನನ್ನೂರಿಗೆ ನಾನು ಹವಾಲ್ದಾರನಾಗಿ ನಿವೃತ್ತನಾಗಿ ಬಂದ ಮೇಲೆ ಲೈಸೆನ್ಸ್ ನವೀಕರಿಸುವುದು, ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವುದು, ಅಪ್ಪ ತೀರಿಕೊಂಡಾಗ ಮಗನ ಹೆಸರಿಗೆ ಮಾಡಿಸುವುದು, ಎಲ್ಲಕ್ಕೂ ಜನ ನನ್ನನ್ನೇ ಕೇಳತೊಡಗಿದರು. ರೈಫಲ್ ಬಿಚ್ಚಿ ಜೋಡಿಸುವುದು ನನಗೆ ಗೊತ್ತಿತ್ತು. ಲೈಸೆನ್ಸಿನ ಕಾನೂನು ಗೊತ್ತಿರಲಿಲ್ಲ. ಆದರೂ ಗೊತ್ತಿಲ್ಲ ಅಂತ ಒಬ್ಬರ ಎದುರಿಗೂ ನನ್ನ ಬಾಯಿಂದ ಬರಲಿಲ್ಲ.

2023ರ ಕಾರ್ಗಿಲ್ ವಿಜಯ ದಿವಸದಂದು ನಾವು ಕೆಲವು ಮಾಜಿ ಸೈನಿಕರು ಸಾಗರದಲ್ಲಿ ಸೇರಿದ್ದೆವು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರಿದ್ದರು. ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಮಾತು ಕಾಡುಪ್ರಾಣಿ ಕಾಟದ ಕಡೆಗೆ ಹೊರಳಿತು. ಹಂದಿ ಗದ್ದೆ ಉಳುತ್ತದೆ, ಕಾಟಿ ಬೇಲಿ ಮುರಿದು ಬರುತ್ತದೆ, ಮಂಗ ಎಳೆ ಅಡಿಕೆ ಕೀಳುತ್ತದೆ. ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಒಂದು ಸಂಗತಿ ಹೇಳಿದ್ದ: ಅವನ ಪಕ್ಕದ ಮನೆಯ ಮಾಜಿ ಸೈನಿಕನಿಗೆ ಸರ್ಕಾರ ಪುಕ್ಕಟೆ ಶಿಕಾರಿ ಲೈಸೆನ್ಸ್ ಕೊಟ್ಟಿದೆ. ನಾನು ಅದನ್ನೇ ಹಿಡಿದುಕೊಂಡು, "ನಮಗೂ ಇದೆ, ಕೇಳುವವರಿಲ್ಲ ಅಷ್ಟೇ" ಅಂದುಬಿಟ್ಟೆ. ಯಾರೋ ಕೊಡಗಿನ ಹೆಸರೆತ್ತಿದರು. "ಮತ್ತೆ? ಅವರಿಗೆ ಲೈಸೆನ್ಸೇ ಬೇಡ. ಸೈನಿಕರ ನಾಡು ಅಂತಲೇ ಅಲ್ಲವಾ ಕೊಟ್ಟಿದ್ದು?" ಅಂದೆ. ಎಲ್ಲರೂ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಹಿತವಾಗಿತ್ತು.

ತೀರ್ಥಹಳ್ಳಿ ತಾಲ್ಲೂಕಿನ ಹಿರಿಯರೊಬ್ಬರು ಅದನ್ನು ಮನಸ್ಸಿಗೆ ತೆಗೆದುಕೊಂಡರು. ಸುಬೇದಾರರಾಗಿ ನಿವೃತ್ತರಾದವರು, 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದವರು. ನನಗೆ ದೂರದ ಸಂಬಂಧ, ಮಾವ ಅಂತಲೇ ಕರೆಯುವುದು. ಅವರ ಗದ್ದೆ ಕಾಡಿಗೆ ಅಂಟಿಕೊಂಡಿದೆ. "ಹೌದು ಕಣೋ, ನಮ್ಮಪ್ಪನ ಕಾಲದಲ್ಲಿ ಶಿಕಾರಿ ಲೈಸೆನ್ಸ್ ಅಂತ ಇತ್ತು. ನೀನೇ ಒಂದು ಅರ್ಜಿ ಬರೆದುಕೊಡು" ಅಂದರು. ಸೆಪ್ಟೆಂಬರಿನಲ್ಲಿ ಬರೆದುಕೊಟ್ಟೆ. ಮಾಜಿ ಸೈನಿಕರಿಗೆ ಇರುವ ಉಚಿತ ಬೇಟೆ ಪರವಾನಗಿಯನ್ನು ದಯಪಾಲಿಸಬೇಕು ಅಂತ ಬರೆದು, ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಗುರುತಿನ ಚೀಟಿಗಳ ಪ್ರತಿ ಲಗತ್ತಿಸಿದೆ. ಪಹಣಿಯ ಪ್ರತಿ ಬೇಕಾ ಅಂತ ಅವರು ಕೇಳಿದರು. ಸೈನಿಕನಿಗೆ ಅದೆಲ್ಲ ಯಾಕೆ ಅಂದೆ.

ಅಕ್ಟೋಬರಿನಲ್ಲಿ ಭತ್ತ ಹಾಲುತುಂಬುವ ಹೊತ್ತಿಗೆ ಕಾಟಿಗಳು ಇಳಿದವು. ಮಾವ ರಾತ್ರಿ ಫೋನ್ ಮಾಡಿದರು. ಮೇಲಿನ ಗದ್ದೆ ಪೂರ್ತಿ ತುಳಿದು ಹಾಕಿವೆ, ಅರಣ್ಯ ಇಲಾಖೆಯವರಿಗೆ ದೂರು ಕೊಡಲಾ ಅಂತ ಕೇಳಿದರು. ನನ್ನ ಉತ್ತರ ಈಗಲೂ ನೆನಪಿದೆ. "ಬೇಡ ಮಾವ, ಈಗ ದೂರು ಅಂತ ಹೋದರೆ ಅರ್ಜಿಗೆ ಅಡ್ಡಿ ಆಗಬಹುದು. ಲೈಸೆನ್ಸ್ ಬರಲಿ, ಸುಮ್ಮನಿರಿ." ಯಾವ ಆಧಾರದ ಮೇಲೆ ಹಾಗೆ ಹೇಳಿದೆ ಅಂದರೆ, ಆಧಾರವೇ ಇರಲಿಲ್ಲ. ಅವರು ನನ್ನ ಮಾತು ನಂಬಿ ಸುಮ್ಮನಾದರು. ಉಳಿದ ಭತ್ತವನ್ನು ಕೊಯ್ಲು ಮಾಡಿ ಒಳಗೆ ಹಾಕಿದರು.

ನವೆಂಬರಿನಲ್ಲಿ ಅರ್ಜಿ ಏನಾಯಿತು ಅಂತ ಕೇಳಲು ಇಬ್ಬರೂ ಅದನ್ನು ಕೊಟ್ಟಿದ್ದ ಕಚೇರಿಗೆ ಹೋದೆವು. ಮಾವ ಕೋಟು ಹಾಕಿ ಪದಕಗಳನ್ನು ತೊಟ್ಟಿದ್ದರು. ಪೂರ್ವಿ ಸ್ಟಾರ್ ಪದಕವನ್ನು ಹಿಂದಿನ ದಿನ ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರಂತೆ, ರಿಬ್ಬನ್ನಿನ ಅಂಚಿನಲ್ಲಿ ಕಲೆ ಇನ್ನೂ ಒಣಗಿರಲಿಲ್ಲ. ಮೇಜಿನ ಹಿಂದಿದ್ದ ಅಧಿಕಾರಿ ಚಿಕ್ಕ ವಯಸ್ಸಿನವರು. ಎದ್ದು ನಿಂತು ಕುರ್ಚಿ ಕೊಟ್ಟರು. ಅರ್ಜಿ ಓದಿ, "ಇದು ಯಾವ ಆದೇಶದ ಪ್ರಕಾರ ಸಾರ್?" ಅಂತ ಕೇಳಿದರು. ಮಾವ ನನ್ನ ಕಡೆ ತಿರುಗಿದರು. ಸರ್ಕಾರದ ಆದೇಶ ಇದೆ ಅಂದೆ. "ನಂಬರ್, ದಿನಾಂಕ ಇದ್ದರೆ ಹೇಳಿ, ಹುಡುಕಿಸುತ್ತೇನೆ." ನನ್ನ ಹತ್ತಿರ ನಂಬರೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಮಾವ ಮಾತ್ರ ನಾನು ಈಗ ಹೇಳುತ್ತೇನೆ ಅಂತ ನಂಬಿಕೊಂಡು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಆ ನೋಟದ ಎದುರು ನಾನು ಕುಗ್ಗಿಹೋದೆ.

ಅಧಿಕಾರಿ ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಮೊದಲು ದೊಡ್ಡ ಬೇಟೆ, ಸಣ್ಣ ಬೇಟೆ ಅಂತ ಲೈಸೆನ್ಸಿಗೆ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮಾವನ ನೆನಪು ಸುಳ್ಳಾಗಿರಲಿಲ್ಲ. ಆದರೆ ಈಗ ಬೇಟೆಯ ಲೈಸೆನ್ಸ್ ಅನ್ನುವುದು ಯಾರಿಗೂ ಇಲ್ಲ. ಪುಕ್ಕಟೆಯಾಗಿಯೂ ಇಲ್ಲ, ದುಡ್ಡಿಗೂ ಇಲ್ಲ. ರೈತರಿಗೆ ಕೊಡುವ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಶಸ್ತ್ರಾಸ್ತ್ರ ಕಾಯ್ದೆಯದು, ಅದನ್ನು ಕೊಡುವವರು ಜಿಲ್ಲಾಧಿಕಾರಿ. ಕೋವಿ ಇಟ್ಟುಕೊಳ್ಳಲು ಅದು ಸಾಕು, ಪ್ರಾಣಿಯನ್ನು ಹೊಡೆಯಲು ಸಾಲದು. ಬೆಳೆಗೆ ಬೀಳುವ ಹಂದಿಯನ್ನು ಹೊಡೆಯಬೇಕಾದರೂ ವನ್ಯಜೀವಿ ಕಾಯ್ದೆಯ ಕಲಂ 11ರ ಪ್ರಕಾರ ಅಧಿಕಾರ ಇರುವವರಿಂದ ಬರವಣಿಗೆಯಲ್ಲಿ ಅನುಮತಿ ಬೇಕು. ಹೊಡೆದ ಪ್ರಾಣಿ ಸರ್ಕಾರದ ಆಸ್ತಿ. ಕಾಟಿ ಒಂದನೇ ಅನುಸೂಚಿಯದು, ಹೊಡೆದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು.

ಕೊನೆಗೆ ಅವರು ಕೇಳಿದರು: "ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಸಾರ್? ಮಹಜರು ಆಗಿದೆಯಾ?" ಗದ್ದೆ ಕೊಯ್ದಾಗಿತ್ತು. ಫೋಟೊ ಇರಲಿಲ್ಲ. ಗೊರಸಿನ ಗುರುತಿನ ಮೇಲೆ ಉಳುಮೆಯೂ ಆಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವ ಪದಕಗಳನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ಹೋಗ್ಲಿ ಬಿಡು ಮಾರಾಯ, ನೀನು ಬೇಕಂತ ಮಾಡಿದ್ದಲ್ಲ" ಅಂದರು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಅಕ್ಕನ ಮಗನಿಗೆ ಮತ್ತೆ ಫೋನ್ ಮಾಡಿ ಈ ಸಲ ಸರಿಯಾಗಿ ವಿಚಾರಿಸಿದೆ. ಟೆಕ್ಸಾಸ್‌ನಲ್ಲಿ ಪುಕ್ಕಟೆ ಸಿಗುವುದು ಎಲ್ಲ ಮಾಜಿ ಸೈನಿಕರಿಗಲ್ಲ. ಸೇವೆಯಿಂದ ಉಂಟಾದ ಅಂಗವೈಕಲ್ಯ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಕೊಡುತ್ತಾರೆ. ಮನ್ನಾ ಆಗುವುದು ಶುಲ್ಕ ಮಾತ್ರ. ಯಾವ ಋತುವಿನಲ್ಲಿ, ಯಾವ ಪ್ರಾಣಿ, ಎಷ್ಟು ಅನ್ನುವ ನಿಯಮ ಅವರಿಗೂ ಇದ್ದೇ ಇದೆ. ಕೊಡಗಿನ ಕತೆಯೂ ನಾನು ಹೇಳಿದಂತಿರಲಿಲ್ಲ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಈಗಿನದು 2029ರ ಅಕ್ಟೋಬರ್‌ವರೆಗೆ ಇದೆ. ಅದನ್ನು ನಿವೃತ್ತ ಸೇನಾಧಿಕಾರಿಯೊಬ್ಬರೇ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು, 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಸೈನ್ಯದಲ್ಲಿ ದುಡಿದ ಕಾರಣಕ್ಕೆ ಸಿಗುವಂಥದ್ದಲ್ಲ ಅದು. ಅಲ್ಲಿಯೂ ಬಿಡುಗಡೆ ಇರುವುದು ಕೋವಿಯ ಲೈಸೆನ್ಸಿನಿಂದ, ವನ್ಯಜೀವಿ ಕಾಯ್ದೆಯಿಂದ ಅಲ್ಲ.

ಇಷ್ಟನ್ನು ಮೊದಲೇ ವಿಚಾರಿಸಬಹುದಿತ್ತು. ಯಾಕೆ ವಿಚಾರಿಸಲಿಲ್ಲ ಅಂತ ಬಹಳ ಯೋಚಿಸಿದ್ದೇನೆ. ಸೈನ್ಯದಲ್ಲಿ ರೈಫಲ್ ಯಾವತ್ತೂ ನನ್ನದಾಗಿರಲಿಲ್ಲ. ಬೆಳಿಗ್ಗೆ ಶಸ್ತ್ರಾಗಾರದಲ್ಲಿ ರಿಜಿಸ್ಟರಿಗೆ ಸಹಿ ಹಾಕಿ, ನಂಬರ್ ನೋಡಿ ತೆಗೆದುಕೊಳ್ಳಬೇಕು, ಸಂಜೆ ಒರೆಸಿ ಎಣ್ಣೆ ಹಚ್ಚಿ ಒಪ್ಪಿಸಬೇಕು. ಫೈರಿಂಗ್ ರೇಂಜಿನಲ್ಲಿ ಗುಂಡು ಹಾರಿಸಿದ ಮೇಲೆ ಖಾಲಿ ತೋಟಾಗಳನ್ನು ಎಣಿಸಿ ಕೊಡಬೇಕು. ಒಂದು ಕಮ್ಮಿ ಬಂದರೆ ಇಡೀ ತುಕಡಿ ಮಂಡಿಯೂರಿ ಹುಲ್ಲಿನಲ್ಲಿ ಕೈಯಾಡಿಸಿ ಹುಡುಕಬೇಕು. ಕತ್ತಲಾದರೂ ಟಾರ್ಚ್ ಹಿಡಿದು ಹುಡುಕಿದ್ದಿದೆ. ಒಂದು ಹಿತ್ತಾಳೆ ಚೂರಿಗೂ ಲೆಕ್ಕ ಒಪ್ಪಿಸುತ್ತ ಇಡೀ ಹರೆಯ ಕಳೆದವನು ನಾನು. ಅಂಥವನು ಊರಿಗೆ ಬಂದ ಮೇಲೆ, ಸಮವಸ್ತ್ರ ತೊಟ್ಟಿದ್ದೆ ಅನ್ನುವ ಕಾರಣಕ್ಕೇ ಕೋವಿಯೂ ಕಾಡೂ ನನಗೆ ಸಲ್ಲಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಅಲ್ಲಿ ಯಾರೂ ಕಲಿಸಿರಲಿಲ್ಲ. ಊರಿನವರು ಕೊಟ್ಟ ಮರ್ಯಾದೆಯನ್ನು ನಾನೇ ಹಕ್ಕು ಅಂತ ಓದಿಕೊಂಡಿದ್ದೆ.

ಮಲೆನಾಡಿನ ರೈತನ ಸಂಕಟ ಮಾತ್ರ ನಿಜವಾದದ್ದು. ಶರಾವತಿ ಮತ್ತು ಶೆಟ್ಟಿಹಳ್ಳಿ ಅಭಯಾರಣ್ಯಗಳ ಅಂಚಿನಲ್ಲಿ ಗದ್ದೆ ಮಾಡುವವರು ರಾತ್ರಿ ಮಾಳದ ಮೇಲೆ ನಿದ್ದೆಗೆಟ್ಟು ಡಬ್ಬ ಬಡಿಯುತ್ತಾರೆ. ಗದ್ದೆ ಬೀಳು ಬಿಟ್ಟು ಪೇಟೆ ಸೇರಿದವರೂ ಇದ್ದಾರೆ. ಅವರಿಗೆ ಬೇಕಾದದ್ದು ಬೇಗ ಬರುವ ಮಹಜರು, ನ್ಯಾಯವಾದ ಪರಿಹಾರ, ಗಟ್ಟಿಯಾದ ಬೇಲಿ. ಅವರ ಪರವಾಗಿ ಗಟ್ಟಿಯಾಗಿ ಕೇಳಬೇಕಾದ ಕಡೆ ನಾನು ನನ್ನ ಗುಂಪಿಗೆ ಮಾತ್ರ ಸಿಗಬೇಕಾದ ಒಂದು ರಿಯಾಯಿತಿಯನ್ನು ಕೇಳುತ್ತ ನಿಂತಿದ್ದೆ, ಅದೂ ಇಲ್ಲದ ರಿಯಾಯಿತಿ.

ಮರುವರ್ಷ ಕಾಟಿ ಇಳಿದ ಬೆಳಿಗ್ಗೆಯೇ ಮಾವನ ಮನೆಗೆ ಹೋದೆ. ತುಳಿದ ಜಾಗದ ಫೋಟೊ ತೆಗೆದು, ಪಹಣಿಯ ಪ್ರತಿ ಇಟ್ಟು ಅರ್ಜಿ ಕೊಟ್ಟೆವು. ಅರಣ್ಯ ರಕ್ಷಕರು ಬಂದು ಗದ್ದೆ ಅಳೆದರು, ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ಆ ಸಲದ ಪರಿಹಾರ ಮಾವನ ಖಾತೆಗೆ ಬಂತು. 2023ರದ್ದನ್ನು ಕೇಳಲು ದಾರಿಯಿಲ್ಲ. ಅಷ್ಟು ಭತ್ತದ ಬೆಲೆಯನ್ನು ನಾನು ಕೊಡುತ್ತೇನೆ ಅಂದಿದ್ದಕ್ಕೆ ಅವರು ಒಪ್ಪಲಿಲ್ಲ. ಅತ್ತೆಯ ಹತ್ತಿರ ಹೇಳಿ ನೋಡಿದೆ, ಅವರೂ ಒಪ್ಪಲಿಲ್ಲ.