ಬ್ಯಾಟ್ರಿಯ ಒಳಗಿನ ಕೆಲಸ

ನಮ್ಮ ಊರುಗಳ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರೆ, ಅದರೊಳಗೆ ಹಾಕೋದಕ್ಕೆ ಶೆಲ್ಲು ಅಂತಾರೆ. ಫಸ್ಟ್ ಸೆಮ್‌ನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಮೇಷ್ಟ್ರು ಸೆಲ್ ಬೇರೆ ಬ್ಯಾಟರಿ ಬೇರೆ ಅಂತ ಎಷ್ಟು ತಿದ್ದಿದರೂ ನಮ್ಮ ಬಾಯಲ್ಲಿ ಬರೋದು ಅದೇ. ಇಲ್ಲೂ ಹಾಗೇ ಬರೆಯುತ್ತೇವೆ, ಅನುಮಾನ ಬಂದರೆ ಮುಂದಿನ ಪದ ಓದಿಕೊಳ್ಳಿ.

ಪಕ್ಕದ ರೂಮಿನ ಮೆಕ್ಯಾನಿಕಲ್ ಗೆಳೆಯ ಹೋದ ಸೆಮಿಸ್ಟರ್ ಪೂರ್ತಿ ಒಂದು ಹಳೇ ಬ್ಯಾಟ್ರಿಯನ್ನು ಬಿಚ್ಚಿ ಕೂತಿದ್ದ. ನಾವು ಮೂವರು, ಇಬ್ಬರು ಇ ಅಂಡ್ ಸಿ, ಒಬ್ಬ ಸಿವಿಲ್, ಪಕ್ಕದಲ್ಲಿ ನಿಂತು ನೋಡಿದವರು. ಕೇಳಿದಾಗ ಸ್ಕ್ರೂ ಹಿಡಿದುಕೊಟ್ಟವರು.

ಬ್ಯಾಟ್ರಿ ಅವನ ಅಪ್ಪಂದು. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರೋದು ಎಷ್ಟೋ ಸಲ ರಾತ್ರಿ ಒಂದೋ ಎರಡೋ ಗಂಟೆಗೆ. ಆಗ ಎದ್ದು ತೋಟದ ಕೆಳಗಿನ ಮೋಟಾರ್ ಶೆಡ್ಡಿಗೆ ಹೋಗಬೇಕು. ದಾರಿ ತುಂಬ ತರಗೆಲೆ, ಬಿದ್ದ ಸೋಗೆ, ಅದರ ನಡುವೆ ಕೊಳಕುಮಂಡಲ ಮಲಗಿದ್ದರೆ ದೇವರೇ ಗತಿ. ಕೈಯಲ್ಲಿದ್ದದ್ದು ಮಾವ ದುಬೈಯಿಂದ ತಂದುಕೊಟ್ಟಿದ್ದ ಎರಡು ಶೆಲ್ಲಿನ ಮ್ಯಾಗ್‌ಲೈಟ್. ಬಾಡಿ ಕಬ್ಬಿಣದ ಸಲಾಕೆಯ ಹಾಗೆ ಗಟ್ಟಿ, ಬೆಳಕು ಮಾತ್ರ ದೇವರ ಮುಂದಿನ ದೀಪ. ಹೋದ ವರ್ಷ ಗೆಳೆಯ ಆನ್‌ಲೈನ್‌ನಲ್ಲಿ ಒಂದು ಎಲ್‌ಇಡಿ ಬ್ಯಾಟ್ರಿ ತರಿಸಿಕೊಟ್ಟ. ಅಪ್ಪ ವಾರ ಬಿಟ್ಟು ವಾಪಸ್ ಕಪಾಟಿನಲ್ಲಿಟ್ಟರು. ಹತ್ತು ನಿಮಿಷ ಉರಿದು ಮಂಕಾಗ್ತದೆ ಅನ್ನೋದು ಒಂದು ದೂರು. ಇನ್ನೊಂದು ದೂರೇ ನಮಗೆ ಹೊಸದು: "ಅದರಲ್ಲಿ ಎಲ್ಲಾ ಬೂದಿ ಬಣ್ಣ ಕಾಣ್ತದೆ. ಸೋಗೆ ಯಾವ್ದು ಹಾವು ಯಾವ್ದು ಗೊತ್ತಾಗೂದಿಲ್ಲ."

ಅವರು ಹೇಳಿದ್ದಕ್ಕೆ ನಮ್ಮ ಪುಸ್ತಕದಲ್ಲಿ ಹೆಸರಿದೆ, ಕಲರ್ ರೆಂಡರಿಂಗ್ ಇಂಡೆಕ್ಸ್. ಸಾಧಾರಣ ಬಿಳಿ ಎಲ್‌ಇಡಿಯಲ್ಲಿ ಅದು 70ರ ಆಸುಪಾಸು, ಅದರಲ್ಲೂ ಕೆಂಪು ತೀರಾ ಕಮ್ಮಿ. ಕಂದು ಬಣ್ಣ ಕಾಣಬೇಕಾದರೆ ಕೆಂಪು ಬೇಕು. ಒಣಗಿದ ಎಲೆಯೂ ಕಂದು, ಹಾವೂ ಕಂದು. ಎರಡು ಕಂದುಗಳ ವ್ಯತ್ಯಾಸ ಕಾಣೋದು ಆ ಕೆಂಪಿನಲ್ಲೇ. ಹಾಗಾಗಿ ಗೆಳೆಯ ತರಿಸಿದ್ದು ಜಪಾನಿನ ನಿಚಿಯಾ ಕಂಪನಿಯ 90 ದಾಟಿದ ಎಲ್‌ಇಡಿ. 3.5 ಮಿ.ಮೀ. ಚೌಕ, ಒಂದು ಕಡ್ಲೆಬೇಳೆಗಿಂತ ಚಿಕ್ಕದು. ಅದನ್ನು ಹಳೇ ಮ್ಯಾಗ್‌ಲೈಟ್ ಒಳಗೆ ಕೂರಿಸೋದು, ಅಷ್ಟೇ ಕೆಲಸ. ನಾವೂ ಅಷ್ಟೇ ಅಂತ ತಿಳಿದು ನೋಡಲು ಕೂತಿದ್ದು.

ಈ ಮ್ಯಾಗ್‌ಲೈಟ್ ಬಗ್ಗೆ ಒಂದು ಮಾತು. ಇದನ್ನು ಮಾಡಿದ ಟೋನಿ ಮ್ಯಾಗ್ಲಿಕಾ ಮೂಲತಃ ಲೇತ್ ಕೆಲಸದವರು. 1955ರಲ್ಲಿ ಲಾಸ್ ಏಂಜಲಿಸ್‌ನ ಒಂದು ಗ್ಯಾರೇಜಿನಲ್ಲಿ ಒಬ್ಬರೇ ಮಷಿನ್ ಶಾಪ್ ಶುರು ಮಾಡಿ, 1979ರಲ್ಲಿ ಈ ಬ್ಯಾಟ್ರಿ ತಂದರು. ದಪ್ಪ ಅಲ್ಯುಮಿನಿಯಂ, ನೀಟಾದ ಥ್ರೆಡ್, ನೀರು ತಡೆಯೋ ಓ-ರಿಂಗ್. ಜಗತ್ತಿನ ಮೂಲೆಮೂಲೆಯಲ್ಲಿ ಬ್ಯಾಟ್ರಿ ಬಿಚ್ಚಿ ಮಾರ್ಪಡಿಸುವ ಹವ್ಯಾಸದವರು ಮೊದಲು ಕೈ ಹಾಕಿದ್ದು ಇದಕ್ಕೇ. ಬಾಡಿ ಅಷ್ಟು ಚೆನ್ನಾಗಿದೆ, ಒಳಗಿನ ಬಲ್ಬು ಮಾತ್ರ ಹಳೇ ಕಾಲದ್ದು.

ತೊಂದರೆ ಶುರುವಾಗೋದು ಅಲ್ಲೇ. ತಂತಿ ಬಲ್ಬಿಗೆ ಬಿಸಿಯೇ ಬದುಕು. ಎರಡು ಸಾವಿರ ಡಿಗ್ರಿ ದಾಟಿ ಕಾದರೆ ಮಾತ್ರ ಬೆಳಕು, ಬಹುಪಾಲು ಶಾಖ ಇನ್‌ಫ್ರಾರೆಡ್ ಆಗಿ ಬೆಳಕಿನ ಜೊತೆಗೇ ಮುಂದೆ ಹೋಗುತ್ತೆ. ಎಲ್‌ಇಡಿಗೆ ಬಿಸಿ ಶತ್ರು. ಅದರ ಶಾಖ ಮುಂದೆ ಹೋಗಲ್ಲ, ಬೆನ್ನಿನಿಂದ ಇಳಿಯಬೇಕು. ಮ್ಯಾಗ್‌ಲೈಟ್‌ನಲ್ಲಿ ಬಲ್ಬು ಕೂರೋದು ಪ್ಲಾಸ್ಟಿಕ್ ಮೇಲೆ. ಆ ಪ್ಲಾಸ್ಟಿಕ್ ಮೇಲೆ ಎಲ್‌ಇಡಿ ಇಟ್ಟು 1.4 ಆಂಪಿಯರ್ ಕೊಟ್ಟರೆ ನಾಲ್ಕು ವ್ಯಾಟ್ ಚಿಲ್ಲರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ. ಅದು ಹೋಗೋಕೆ ದಾರಿಯೇ ಇಲ್ಲ. ಅಪ್ಪನ ಆನ್‌ಲೈನ್ ಬ್ಯಾಟ್ರಿ ಮಂಕಾಗ್ತಿದ್ದಿದ್ದೂ ಇದಕ್ಕೇ ಅಂತ ಆಮೇಲೆ ಅದನ್ನು ಬಿಚ್ಚಿದಾಗ ಗೊತ್ತಾಯ್ತು. ತಗಡಿನ ತಟ್ಟೆ, ಸುತ್ತ ಖಾಲಿ ಗಾಳಿ.

ಆದ್ದರಿಂದ ಬೇಕಾಗಿದ್ದು ತಾಮ್ರದ ಒಂದು ದಿಮ್ಮಿ. ಎಲ್‌ಇಡಿಯ ಬೆನ್ನಿಂದ ಶಾಖ ತಗೊಂಡು ಸುತ್ತಲಿನ ಅಲ್ಯುಮಿನಿಯಂ ಕೊಳವೆಗೆ ದಾಟಿಸುವ ಸೇತುವೆ. ಹೀಟ್ ಟ್ರಾನ್ಸ್‌ಫರ್ ಪಾಸಾದವರು ಒಂದು ಲೆಕ್ಕ ಹಾಕಿ ನೋಡಿ. ತಾಮ್ರದ ಕಂಡಕ್ಟಿವಿಟಿ 390ರ ಹತ್ತಿರ, ಗಾಳಿಯದ್ದು 0.026. ದಿಮ್ಮಿಗೂ ಕೊಳವೆಗೂ ನಡುವೆ 0.1 ಮಿ.ಮೀ. ಗಾಳಿ ಉಳಿದರೆ ಅದು ಒಂದೂವರೆ ಮೀಟರ್ ತಾಮ್ರಕ್ಕೆ ಸಮ. ಒಂದು ಹಾಳೆ ಕಾಗದದಷ್ಟು ಸಂದು! ಇಂಟರ್ನಲ್ಸ್‌ನಲ್ಲಿ ಥರ್ಮಲ್ ರೆಸಿಸ್ಟೆನ್ಸ್ ಫಾರ್ಮುಲಾ ಬರೆದು ಮಾರ್ಕ್ಸ್ ತಗೊಂಡವರು ನಾವೆಲ್ಲ, ಇದನ್ನು ಮಾತ್ರ ಆವತ್ತೇ ಮೊದಲು ನಂಬಿದ್ದು.

ದಿಮ್ಮಿ ಮಾಡಿದ್ದು ಪೇಟೆಯ ಒಂದು ಸಣ್ಣ ಲೇತ್ ಅಂಗಡಿಯಲ್ಲಿ. ಅಣ್ಣಂಗೆ ಐವತ್ತರ ಮೇಲೆ ವಯಸ್ಸು, ಮಷಿನ್ನಿಗೂ ಅಷ್ಟೇ ಇರಬಹುದು. ತಾಮ್ರ ಅಂದ ತಕ್ಷಣ ಮುಖ ಸಿಂಡರಿಸಿದರು. "ಬೆಣ್ಣೆ ಥರ ಅಂಟ್ಕೊಳ್ಳುತ್ತೆ ಕಣ್ರಪ್ಪಾ, ಹಿತ್ತಾಳೆ ಮಾಡ್ಕೊಡ್ತೀನಿ." ಹಿತ್ತಾಳೆಯಲ್ಲಿ ಶಾಖ ತಾಮ್ರದ ಮೂರನೇ ಒಂದು ಭಾಗದಷ್ಟೂ ಸಲೀಸಾಗಿ ಹರಿಯಲ್ಲ ಅಂತ ಗೆಳೆಯ ಪಟ್ಟು ಹಿಡಿದ. ಅವರು ಟೂಲ್ ಬಿಚ್ಚಿ, ಗ್ರೈಂಡರ್‌ಗೆ ಒಡ್ಡಿ, ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಒಡ್ಡಿದರು. ಬರೀ ಟೂಲ್ ಮಸೆಯೋದಕ್ಕೇ ಅರ್ಧ ಗಂಟೆ. ಆಮೇಲೆ ಕೊಳವೆಯ ಒಳ ಅಳತೆ ತಗೊಂಡರು, ಒಂದು ಕಡೆ ಅಲ್ಲ, ತಿರುಗಿಸಿ ತಿರುಗಿಸಿ ಮೂರು ಕಡೆ. "ದುಂಡಗೆ ಇದೆ ಅಂತ ಕಾಣುತ್ತೆ, ಇರಲ್ಲ."

ಅಳತೆ ಎಷ್ಟು ಇಡಬೇಕು ಅನ್ನೋದೇ ನಮಗೆ ಇಡೀ ಕೆಲಸದಲ್ಲಿ ಹಿಡಿಸಿದ ಭಾಗ. ಕಾದಾಗ ಅಲ್ಯುಮಿನಿಯಂ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತೆ. ಅಂದರೆ ತಣ್ಣಗಿದ್ದಾಗ ಬಿಗಿಯಾಗಿ ಕೂತದ್ದು, ಬ್ಯಾಟ್ರಿ ಬಿಸಿಯಾದಾಗ, ಅಂದರೆ ಬಿಗಿ ಬೇಕಾದ ಹೊತ್ತಿಗೇ, ಸಡಿಲ. ಗೆಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ದ: 33 ಮಿ.ಮೀ. ವ್ಯಾಸ, 40 ಡಿಗ್ರಿ ಏರಿಕೆ, 8ರಿಂದ 9 ಮೈಕ್ರಾನ್ ವ್ಯತ್ಯಾಸ. ಅವನು ಪುಟ ತಿರುಗಿಸಿ ತೋರಿಸೋ ಮುಂಚೆಯೇ ಅಣ್ಣ, "ಬಿಸಿ ಆಗೋ ಸಾಮಾನಾ? ಹಾಗಾದ್ರೆ ಅರ್ಧ ಕೂದಲು ದಪ್ಪ ಬಿಡ್ತೀನಿ" ಅಂದರು. ಮಾಡಿದ ಮೇಲೆ ಮೈಕ್ರೋಮೀಟರ್ ಇಟ್ಟರೆ ಕೊಳವೆಗಿಂತ 30 ಮೈಕ್ರಾನ್ ಹೆಚ್ಚು. ಗೆಳೆಯ ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಮಜೂರಿ ಮುನ್ನೂರು ರೂಪಾಯಿ. ನಮ್ಮ ಬರ್ತ್‌ಡೇ ಕೇಕ್‌ಗೆ ಇದಕ್ಕಿಂತ ಜಾಸ್ತಿ ಆಗುತ್ತೆ.

ಕೊಳವೆಗಿಂತ ದಪ್ಪ ಇರೋದನ್ನು ಕೊಳವೆಯೊಳಗೆ ತೂರಿಸೋದು ಹೇಗೆ? ಸಿವಿಲ್‌ನವನ ಪುಣ್ಯ. ಮಣ್ಣಿನ ತೇವ ನೋಡೋಕೆ ಅವರ ಲ್ಯಾಬಿನಲ್ಲಿ ಓವನ್ 105ರಿಂದ 110 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಲ್ಯಾಬ್ ಅಟೆಂಡರ್ ಒಪ್ಪಿಗೆ ಪಡೆದು, ಮಣ್ಣಿನ ಡಬ್ಬಿಗಳ ಪಕ್ಕ ಖಾಲಿ ಬಾಡಿಯನ್ನಿಟ್ಟೆವು. ದಿಮ್ಮಿ ರಾತ್ರಿಯೆಲ್ಲ ಮೆಸ್‌ನ ಫ್ರೀಜರಿನಲ್ಲಿ, ಹಸಿ ಬಟಾಣಿ ಜೊತೆ. ಐಸ್ ಡಬ್ಬಿಯಿಂದ ತೆಗೆದು, ಒರೆಸಿ, ನೇರ ಹಿಡಿದು ಬಿಡಬೇಕು. ಬಿಟ್ಟ. ಟಕ್ ಅಂತ ಇಳಿದು ಕೂತಿತು. ಎರಡು ಸೆಕೆಂಡ್ ಆದ ಮೇಲೆ ಇಕ್ಕಳ ಹಾಕಿದರೂ ಅಲ್ಲಾಡಲಿಲ್ಲ. ಸ್ವಲ್ಪ ವಾರೆಯಾಗಿದ್ದರೆ ಮೂರು ವಾರದ ಕೆಲಸ ಅಲ್ಲೇ ಹೋಗ್ತಿತ್ತು.

ಉಳಿದದ್ದರಲ್ಲಿ ಕೆಲವನ್ನು ಬೇಗ ಹೇಳಿಬಿಡ್ತೇವೆ. ಎಲ್‌ಇಡಿ ಬೆಸುಗೆ ಹಾಕಿದ್ದು ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಅದರ ಮೇಲೆ ತಾಮ್ರದ ಬೋರ್ಡ್ ಇಟ್ಟು. 183 ಡಿಗ್ರಿಗೆ ಬೆಸುಗೆ ಕರಗಿದ್ದೇ ಎಲ್‌ಇಡಿ ತಾನೇ ಸರಿದು ನಡುವಿಗೆ ಬಂದು ನಿಲ್ಲುತ್ತೆ, ನೋಡೋಕೆ ಚೆಂದ. ಆಗ ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು, ಹೆಚ್ಚಿನ ಬೆಸುಗೆ ಸಾಸಿವೆ ಕಾಳಿನ ಹಾಗೆ ಪಕ್ಕಕ್ಕೆ ಬರುತ್ತೆ. ಒತ್ತದಿದ್ದರೂ ದೀಪ ಹತ್ತುತ್ತೆ, ಅಡಿಯ ಪದರ ದಪ್ಪ ಉಳಿಯುತ್ತೆ ಅಷ್ಟೇ, ಅದು ಯಾರಿಗೂ ಕಾಣಲ್ಲ. ಕರೆಂಟ್ ಹಿಡಿತಕ್ಕೆ 350 ಮಿಲಿಆಂಪಿಯರ್‌ನ 7135 ಚಿಪ್ ನಾಲ್ಕು, ಸಾಲಾಗಿ. ಹಿಂದಿನ ಸ್ಪ್ರಿಂಗ್ ಉಕ್ಕಿನದ್ದು, ಅದರಲ್ಲಿ ವೋಲ್ಟೇಜ್ ಸೋರುತ್ತೆ ಅಂತ ಒಳಗಡೆ ಮೆತ್ತನೆಯ ತಾಮ್ರದ ವೈರು. ಎರಡು ದೊಡ್ಡ ಶೆಲ್ಲಿನ ಜಾಗದಲ್ಲಿ ಒಂದು 18650 ಲಿಥಿಯಂ ಸೆಲ್, ಸುತ್ತ ಪಿವಿಸಿ ಪೈಪು, ಉಳಿದ ಉದ್ದಕ್ಕೆ ಅಣ್ಣ ಕಡೆದುಕೊಟ್ಟ ಹಿತ್ತಾಳೆ ತುಂಡು. ತೂಕ ಹಳೆಯದರ ಹತ್ತಿರಕ್ಕೇ ಬಂತು.

ರಿಫ್ಲೆಕ್ಟರ್ ಮಾತ್ರ ಸತಾಯಿಸಿತು. ತಂತಿ ಬಲ್ಬಿಗೆ ಮಾಡಿದ ಕನ್ನಡಿ ಅದು. ಎಲ್‌ಇಡಿ ಸರಿಯಾಗಿ ಫೋಕಸ್‌ನಲ್ಲಿ ಕೂರದಿದ್ದರೆ ಗೋಡೆ ಮೇಲೆ ಬೀಳೋದು ಉದ್ದಿನ ವಡೆ, ಸುತ್ತ ಬೆಳಕು ನಡುವೆ ತೂತು. ಮ್ಯಾಗ್‌ಲೈಟ್‌ನ ತಲೆ ತಿರುಗಿಸಿದರೆ ಫೋಕಸ್ ಬದಲಾಗುತ್ತೆ ನಿಜ. ಆದರೆ ತುಂಬ ತಿರುಗಿಸಿ ಹೊರಗೆ ತಂದರೆ ಓ-ರಿಂಗ್ ಬಯಲಾಗುತ್ತೆ, ಮಲೆನಾಡಿನ ಮಳೆ ನೇರ ಒಳಗೆ. ಹಾಗಾಗಿ ಕನ್ನಡಿಯ ಬುಡವನ್ನು ಅರ್ಧರ್ಧ ಮಿಲಿಮೀಟರ್ ಉಜ್ಜಿ, ಹಾಕಿ, ಕಾರಿಡಾರ್ ಲೈಟ್ ಆರಿಸಿ, ನೋಡಿ, ಮತ್ತೆ ಬಿಚ್ಚಿ. ನಾಲ್ಕು ರಾತ್ರಿ. ವಾರ್ಡನ್ ಎರಡು ಸಲ ಬಂದು ವಿಚಾರಿಸಿಕೊಂಡು ಹೋದರು.

ಪ್ರೋಗ್ರಾಂ ಬರೆದಿದ್ದು ನಾವು. ಎಟಿಟೈನಿ 13 ಚಿಪ್ಪು, ಒಂದು ಕಿಲೋಬೈಟ್ ಜಾಗ. ಅಪ್ಪನ ಷರತ್ತು: ಒತ್ತಿದರೆ ಹತ್ತಬೇಕು, ಒತ್ತಿದರೆ ಆರಬೇಕು. ಅಂಗಡಿಯ ಬ್ಯಾಟ್ರಿಗಳಲ್ಲಿ ಪಕಪಕ ಮಿಂಚೋದು, ಎಸ್‌ಓಎಸ್ ಅಂತೆಲ್ಲ ಇರುತ್ತಲ್ಲ, ತೋಟದಲ್ಲಿ ಅದರಿಂದ ಏನು ಪ್ರಯೋಜನ? ಸೆಲ್ ಇಳಿದಾಗ ಒಮ್ಮೆಲೇ ಕತ್ತಲಾಗದೆ, ಎರಡು ಸಲ ಮಿಣುಕಿ, ಕಾಲುಭಾಗಕ್ಕೆ ಇಳಿದು, ಮನೆ ಮುಟ್ಟೋವರೆಗೆ ಉರಿಯಬೇಕು. ಬರೆದದ್ದರಲ್ಲಿ ಮುಖ್ಯ ಅದೊಂದೇ.

ಡಿಪಾರ್ಟ್‌ಮೆಂಟಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇದನ್ನಿಟ್ಟಿದ್ದ. ಒಂದು ಕಡೆ ಲೈನ್ ಫಾಲೋವರ್ ರೋಬೋ, ಇನ್ನೊಂದು ಕಡೆ ಸ್ಮಾರ್ಟ್ ಡಸ್ಟ್‌ಬಿನ್. ನೋಡಲು ಬಂದವರು "ಇದರಲ್ಲಿ ನಾವೆಲ್ಟಿ ಏನು?" ಅಂತ ಕೇಳಿ, ಉತ್ತರ ಮುಗಿಯೋ ಮುಂಚೆ ಡಸ್ಟ್‌ಬಿನ್ ಕಡೆ ನಡೆದರು. ಐನೂರು ರೂಪಾಯಿಗೆ ಇದಕ್ಕಿಂತ ಜಾಸ್ತಿ ಲ್ಯುಮೆನ್ ಸಿಗುತ್ತೆ ಅಂದ ಜೂನಿಯರ್ ಕೂಡ ಇದ್ದ. ಅವನ ಮಾತು ಸುಳ್ಳಲ್ಲ. ಬ್ಯಾಟ್ರಿಗಳ ಎಫ್‌ಎಲ್ 1 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರವೇ ಲ್ಯುಮೆನ್ ಅಳೆಯೋದು ಹಚ್ಚಿದ ಮೊದಲ ಎರಡು ನಿಮಿಷದೊಳಗೆ. ಮೋಟಾರ್ ಶೆಡ್ಡಿಗೆ ಹೋಗಿಬರೋಕೆ ಇಪ್ಪತ್ತೈದು ನಿಮಿಷ ಬೇಕು.

ಲೇತ್ ಅಣ್ಣಂಗೆ ತೋರಿಸೋಕೆ ತಗೊಂಡು ಹೋದೆವು. ಅವರು ಬೆಳಕನ್ನು ನೋಡಲೇ ಇಲ್ಲ. ಹಚ್ಚಿ, ಬ್ಯಾಟ್ರಿಯ ಕುತ್ತಿಗೆಗೆ ಅಂಗೈ ಸುತ್ತಿ ಹಿಡಿದು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ, "ಬರ್ತಾ ಇದೆ" ಅಂದರು. ಬಾಡಿ ಬೆಚ್ಚಗಾಗ್ತಿತ್ತು. ಶಾಖ ಎಲ್‌ಇಡಿ ಬಿಟ್ಟು ತಾಮ್ರ ದಾಟಿ ಕೈಗೆ ಬಂದಿತ್ತು. ಹೊರಗೆ ತಣ್ಣಗಿರೋ ಬ್ಯಾಟ್ರಿ ಒಳ್ಳೇದು ಅಂತ ನಾವು ಇಷ್ಟು ದಿನ ಅಂದುಕೊಂಡಿದ್ದು ತಿರುಗುಮುರುಗಾಯ್ತು.

ಊರಿಗೆ ಕಳಿಸಿ ಎರಡು ತಿಂಗಳಾಯ್ತು. ಹೇಗಿದೆ ಅಂತ ಫೋನಿನಲ್ಲಿ ಕೇಳಿದರೆ ಅಪ್ಪ "ಅಡ್ಡಿಲ್ಲ" ಅಂದರಂತೆ. ಮಲೆನಾಡಿನವರಿಗೆ ಗೊತ್ತು, ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ, "ಮೊನ್ನೆ ಶೆಡ್ಡಿನ ಬಾಗಿಲಲ್ಲೇ ಇತ್ತು ಮಾರಾಯ. ನಾಲ್ಕು ಮಾರು ದೂರದಲ್ಲೇ ಕಂಡ್ತು. ಬಳಸಿ ಹೋದೆ" ಅಂದು ಮಳೆ ವಿಷಯಕ್ಕೆ ಹೋದರಂತೆ.

ಈಗ ಅವರ ಪಕ್ಕದ ಮನೆಯವರೂ ಒಂದು ಬ್ಯಾಟ್ರಿ ಕಳಿಸಿದ್ದಾರೆ. ಬಾಡಿ ಪ್ಲಾಸ್ಟಿಕ್. ತಾಮ್ರ ಎಷ್ಟು ಹಾಕಿದರೂ ಅಲ್ಲಿಂದ ಮುಂದೆ ಶಾಖಕ್ಕೆ ದಾರಿ ಇಲ್ಲ. ಗೆಳೆಯ ಅದನ್ನು ಮೇಜಿನ ಮೇಲಿಟ್ಟುಕೊಂಡು ಒಂದು ವಾರದಿಂದ ನೋಡ್ತಾ ಕೂತಿದ್ದಾನೆ.